ಪದದ ಶಕ್ತಿ ಯಾರದು?

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ನಿತ್ಯವೋ, ಅಥವಾ ಯಾರೋ ಎಂದೋ ಗೊತ್ತುಮಾಡಿದ ಕಟ್ಟುಪಾಡೋ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಮಥಿಸಿದರು. ಜೈಮಿನಿಯ ಸೂತ್ರವನ್ನೂ ಶಬರಸ್ವಾಮಿಯ ಭಾಷ್ಯವನ್ನೂ ಆಶ್ರಯಿಸಿದ ಮೀಮಾಂಸಕರು ಆ ಸಂಬಂಧವು ಅಕೃತ್ರಿಮವೆಂದೂ, ಅದನ್ನು ಹೂಡಿದ ಕರ್ತನೊಬ್ಬನಿಲ್ಲವೆಂದೂ ಸಾಧಿಸಿದರು. ನೈಯಾಯಿಕರಾದರೋ ಅದು ಸಂಕೇತದಿಂದ ಹುಟ್ಟಿದ್ದೆಂದರು. ಇಂಥ ಪದವು ಇಂಥ ಅರ್ಥವನ್ನು ತಿಳಿಸಲಿ ಎಂಬ ಇಚ್ಛೆಯಲ್ಲದೆ ಪದಕ್ಕೆ ಬೇರೆ ಶಕ್ತಿಯಿಲ್ಲ. ಆ ಇಚ್ಛೆ ಈಶ್ವರನದೇ ಆಗಬೇಕೆಂದು ಪ್ರಾಚೀನರು, ಮನುಷ್ಯನದಾದರೂ ಸಾಕೆಂದು ನವ್ಯರು. ಇದನ್ನು ಪಾಠಶಾಲೆಯ ಕಸರತ್ತೆಂದು ತಳ್ಳಿಹಾಕುವವರು, ಜಾವಾ ಭಾಷೆಯಲ್ಲಿ ಜಾಲಪುಟಗಳನ್ನು ಕಟ್ಟುವವರು ತಮ್ಮ ಸ್ವಂತ ಟ್ಯಾಗುಗಳನ್ನು ಹೇಗೆ ನಿರ್ಮಿಸಿಕೊಳ್ಳುತ್ತಾರೆಂಬುದನ್ನು ಒಮ್ಮೆ ನೋಡಬೇಕು.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1999ರಲ್ಲಿ ರೂಪಿಸಿದ ಜೆಎಸ್‌ಪಿ ಪದ್ಧತಿಯಲ್ಲಿ, ಎಚ್‌ಟಿಎಂಎಲ್ ಬರಹದ ನಡುನಡುವೆ ಜಾವಾ ವಾಕ್ಯಗಳನ್ನು ಹುದುಗಿಸಲು ಅವಕಾಶವಿತ್ತು. ಪುಟದ ಅಂದವನ್ನು ನೋಡುವವನೂ ಲೆಕ್ಕಾಚಾರವನ್ನು ಬರೆಯುವವನೂ ಒಂದೇ ಕಡತದಲ್ಲಿ ಕೈಯಾಡಿಸಬೇಕಾಗಿ ಬಂದು, ಅದು ಇಬ್ಬರಿಗೂ ದುರ್ಬೋಧವಾಗುತ್ತಿತ್ತು. ಅದೇ ವರ್ಷದ ಕೊನೆಗೆ ಬಂದ 1.1 ಆವೃತ್ತಿಯು ಹೊಸ ಟ್ಯಾಗುಗಳನ್ನು ಸೃಷ್ಟಿಸುವ ಅಧಿಕಾರವನ್ನು ಕೊಟ್ಟಿತು. ಟ್ಯಾಗು ತೆರೆದಾಗ ಏನು ಮಾಡತಕ್ಕದ್ದು, ಮುಚ್ಚಿದಾಗ ಏನು, ನಡುವಿನ ಒಡಲನ್ನು ಎಣಿಕೆಗೆ ತೆಗೆದುಕೊಳ್ಳಬೇಕೋ ಬಿಡಬೇಕೋ ಎಂಬುದನ್ನೆಲ್ಲ ಹ್ಯಾಂಡ್ಲರ್ ಎಂಬ ಜಾವಾ ಕ್ಲಾಸಿನಲ್ಲಿ ಬರೆಯುವುದು. ಟ್ಯಾಗಿನ ಹೆಸರಿಗೂ ಆ ಕ್ಲಾಸಿಗೂ ಗಂಟುಹಾಕುವ ಮಾತನ್ನು ಟಿಎಲ್‌ಡಿ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ನಮೂದಿಸುವುದು. ಬಳಿಕ ಪುಟದ ತಲೆಯಲ್ಲಿ, ಇಂಥ ಪ್ರಿಫಿಕ್ಸಿನಿಂದ ಮೊದಲಾಗುವ ಟ್ಯಾಗುಗಳಿಗೆ ಇಂಥ ಯುಆರ್‌ಐ ಹೊತ್ತ ಸಂಗ್ರಹವೇ ಪ್ರಮಾಣವೆಂದು ಸಾರುವುದು. 2003ರ 2.0 ಆವೃತ್ತಿಯು ಈ ಶ್ರಮವನ್ನು ಬಹಳ ತಗ್ಗಿಸಿ, ಜಾವಾ ಬರೆಯದೆಯೇ ಟ್ಯಾಗ್ ಫೈಲಿನಿಂದ ಕೆಲಸ ತೀರಿಸಿಕೊಳ್ಳುವ ದಾರಿಯನ್ನೂ ತೆರೆಯಿತು. ಆದರೂ ಹೆಸರು ಬೇರೆ, ಕಾರ್ಯ ಬೇರೆ, ಎರಡನ್ನೂ ಕೂಡಿಸುವ ಕಟ್ಟುಪಾಡು ಬೇರೆ ಎಂಬ ವಿವೇಕ ಹಾಗೆಯೇ ಉಳಿಯಿತು.

ಸಾರದೆ ಬಿಟ್ಟ ಪ್ರಿಫಿಕ್ಸನ್ನು ಪುಟದಲ್ಲಿ ಬರೆದರೆ ಏನಾದೀತು? ಸಾಮಾನ್ಯವಾಗಿ ಯಾವ ಆಕ್ಷೇಪಣೆಯೂ ಏಳುವುದಿಲ್ಲ. ಸರ್ವರು ಅದನ್ನು ಬರಿಯ ಅಕ್ಷರವೆಂದು ಬಗೆದು, ಇದ್ದ ರೂಪದಲ್ಲಿಯೇ ಬ್ರೌಸರಿಗೆ ದಾಟಿಸುತ್ತದೆ. ಸಾರಿದ ಪ್ರಿಫಿಕ್ಸಿನ ಅಡಿಯಲ್ಲಿ ಟಿಎಲ್‌ಡಿಯಲ್ಲಿಲ್ಲದ ಹೆಸರನ್ನು ಬರೆದರೆ ಮಾತ್ರ, ಪುಟವು ಸರ್ವ್ಲೆಟ್ ಎಂಬ ಜಾವಾ ಕ್ಲಾಸಾಗಿ ಮಾರ್ಪಡುವ ಕೆಲಸವೇ ನಿಂತುಹೋಗುತ್ತದೆ. ಇದನ್ನು ಕಂಡಾಗ ಪಾಣಿನಿಯು ನೆನಪಾಗದಿರುವುದು ಕಷ್ಟ. ವ್ಯಾಕರಣದಲ್ಲಿ ಉಚ್ಚರಿಸಿದ ಶಬ್ದವು ತನ್ನ ಸ್ವರೂಪವನ್ನೇ ತಿಳಿಸತಕ್ಕದ್ದೆಂದೂ, ಶಾಸ್ತ್ರದಲ್ಲಿ ಕಲ್ಪಿಸಿದ ಸಂಜ್ಞೆಗಳಿಗೆ ಮಾತ್ರ ಈ ನಿಯಮ ಸಲ್ಲದೆಂದೂ ಅವನು ಅಷ್ಟಾಧ್ಯಾಯಿಯ ಮೊದಲ ಪಾದದಲ್ಲಿಯೇ ವಿಧಿಸಿದ್ದಾನೆ. ಅಗ್ನಿ ಶಬ್ದಕ್ಕೆ ಪ್ರತ್ಯಯವನ್ನು ಹೇಳಿದರೆ ಅದು ಆ ಶಬ್ದಕ್ಕೇ ಹೊರತು ಉರಿಯುವ ಕೆಂಡಕ್ಕಲ್ಲ, ಪಾವಕವೆಂಬ ಪರ್ಯಾಯಕ್ಕೂ ಅಲ್ಲ. ಆದರೆ ‘ಘು’ ಎಂದೊಡನೆ ಆ ಅಕ್ಷರ ಹಿಂದೆ ಸರಿದು, ದಾ, ಧಾ ಎಂಬ ಧಾತುಗಳು ಮುಂದೆ ಬರುತ್ತವೆ. ‘ಘು’ವಿಗೂ ಕೊಡುವ ಕ್ರಿಯೆಗೂ ಯಾವ ಸಹಜ ನಂಟೂ ಇಲ್ಲ, ಆಚಾರ್ಯನು ಹಾಗೆಂದು ಗೊತ್ತುಮಾಡಿದ, ಅಷ್ಟೆ. ಸಾರುವ ಮೊದಲು ಸ್ವರೂಪ, ಸಾರಿದ ಮೇಲೆ ಸಂಜ್ಞೆ ಎಂಬ ಈ ಭೇದವನ್ನು ಜೆಎಸ್‌ಪಿಯ ಕರ್ತರು ಪಾಣಿನಿಯಿಂದ ಕಲಿತರೆಂದು ನಾನು ಹೇಳುತ್ತಿಲ್ಲ. ಅಂಥ ಹೆಮ್ಮೆಯ ಮಾತುಗಳು ನಮ್ಮಲ್ಲಿ ಈಗಾಗಲೇ ಅತಿಯಾಗಿವೆ.

ಇಷ್ಟರಿಂದ ನೈಯಾಯಿಕನು ಗೆದ್ದನೆಂದು ತೋರಬಹುದು. ಆದರೆ ಯುಆರ್‌ಐಯ ಕಥೆಯನ್ನು ಕೇಳಿದರೆ ಮೀಮಾಂಸಕನಿಗೂ ಸ್ವಲ್ಪ ಬಲ ಬರುತ್ತದೆ. 2002ರಲ್ಲಿ ಹೊರಬಂದ ಜೆಎಸ್‌ಟಿಎಲ್ ಎಂಬ ಪ್ರಮಾಣಿತ ಟ್ಯಾಗುಗಳ ಸಂಗ್ರಹವನ್ನು ಗುರುತಿಸುವ ಯುಆರ್‌ಐಯಲ್ಲಿ ಸನ್ ಸಂಸ್ಥೆಯ ಹೆಸರಿತ್ತು. ನೋಡಿದರೆ ಅದು ಜಾಲದ ವಿಳಾಸ. ಆದರೆ ಆ ವಿಳಾಸದಲ್ಲಿ ಏನಾದರೂ ಇರಲೇಬೇಕೆಂಬ ನಿಯಮವಿಲ್ಲ, ಸರ್ವರು ಅಲ್ಲಿಗೆ ಹೋಗುವುದೂ ಇಲ್ಲ. ಟಿಎಲ್‌ಡಿಯಲ್ಲಿ ಬರೆದ ಅಕ್ಷರಗಳೊಡನೆ ಸರಿಹೋದರೆ ಸಾಕು. 2010ರಲ್ಲಿ ಸನ್ ಸಂಸ್ಥೆಯು ಒರಾಕಲ್ಲಿನಲ್ಲಿ ಲೀನವಾಯಿತು, ಜಾವಾದ ಈ ಭಾಗದ ಪಾಲನೆಯು ಮುಂದೆ ಎಕ್ಲಿಪ್ಸ್ ಫೌಂಡೇಶನ್ನಿನ ಕೈಗೆ ಬಂದಿತು, ಜೆಎಸ್‌ಟಿಎಲ್ಲಿನ 2022ರ 3.0 ಆವೃತ್ತಿಯಲ್ಲಿ ಜಕಾರ್ತಾ ಎಂಬ ಹೊಸ ಹೆಸರಿನ ಯುಆರ್‌ಐಗಳೂ ಬಂದವು. ಆದರೂ ಹಳೆಯ ಪುಟಗಳು ಮೂಕವಾಗಬಾರದೆಂದು ಹಳೆಯ ಯುಆರ್‌ಐಗೆ ಮನ್ನಣೆ ಉಳಿಯಿತು. ಹೆಸರಿಟ್ಟವನು ಅಳಿದ ಮೇಲೆಯೂ ಹೆಸರು ದುಡಿಯುತ್ತಿದೆಯಾದರೆ, ಶಕ್ತಿಯು ಅವನ ಇಚ್ಛೆಯಲ್ಲಿತ್ತೆಂದು ಹೇಳುವುದು ಹೇಗೆ?

ಮೀಮಾಂಸಕನ ಇನ್ನೊಂದು ವಾದ ಇದಕ್ಕಿಂತ ತೀಕ್ಷ್ಣವಾದುದು. ಮೊದಲ ಸಂಕೇತವನ್ನು ಮಾಡಬೇಕಾದರೆ ಮಾತು ಬೇಕು; ಆ ಮಾತಿಗೆ ಅರ್ಥವನ್ನು ಕೊಟ್ಟವರಾರು? ಟಿಎಲ್‌ಡಿಯು ತನ್ನ ಸಂಕೇತವನ್ನು ಎಕ್ಸ್‌ಎಂಎಲ್ಲಿನ ಹೆಸರುಗಳಿಂದಲೇ ಹೇಳಬೇಕು. ಆ ಹೆಸರುಗಳ ಅರ್ಥವು ಜೆಎಸ್‌ಪಿಯ ನಿರ್ದಿಷ್ಟಪತ್ರದಲ್ಲಿದೆ. ಕ್ಲಾಸಿನೊಳಗಣ ಪದಗಳ ಅರ್ಥವನ್ನು ಜಾವಾ ಕಂಪೈಲರು ಬಲ್ಲದು. ಅದರಿಂದಾದ ಬೈಟ್‌ಕೋಡಿಗೂ, ಪ್ರೊಸೆಸರಿನ ಆಜ್ಞಾಸಂಖ್ಯೆಗಳಿಗೂ ಹಿಂದೊಂದು ಒಪ್ಪಂದವಿದೆ. ಹೀಗೆ ಇಳಿಯುತ್ತ ಹೋದರೆ ಕೊನೆಗೆ ಸಿಲಿಕಾನಿನಲ್ಲಿ ಹರಿಯುವ ವಿದ್ಯುತ್ತು ಸಿಕ್ಕುತ್ತದೆ. ಅದರ ನಡೆ ಯಾರ ಕಟ್ಟುಪಾಡೂ ಅಲ್ಲ, ನಿಜ. ಆದರೆ ಅಲ್ಲಿ ಹೆಸರೆಂಬುದೇ ಇಲ್ಲ. ಅಕೃತ್ರಿಮವಾದುದು ಸಿಕ್ಕಿತು, ಶಬ್ದವು ಕೈಬಿಟ್ಟಿತು. ಆದಕಾರಣ ಉತ್ಪತ್ತಿಯ ವಿಷಯದಲ್ಲಿ ನಾನು ನೈಯಾಯಿಕನ ಪಕ್ಷವನ್ನೇ ಹಿಡಿಯುತ್ತೇನೆ. ಮೀಮಾಂಸಕನು ವರ್ಣಿಸಿದ್ದು ಶಬ್ದದ ಹುಟ್ಟನ್ನಲ್ಲ, ಅದನ್ನು ಬಳಸುವವನ ಅನುಭವವನ್ನು.

ಆ ಅನುಭವವು ಸುಳ್ಳೇನಲ್ಲ. ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ ತರುಣನು, ತಾನು ಬರುವ ಎಷ್ಟೋ ವರ್ಷ ಮುಂಚೆ ಬಿಟ್ಟುಹೋದವರು ಕಟ್ಟಿದ ಟ್ಯಾಗುಗಳನ್ನು ಎದುರಿಸುತ್ತಾನೆ. ಕರ್ತನ ಸ್ಮರಣೆ ಯಾರಿಗೂ ಇಲ್ಲದಿರುವುದನ್ನೇ ಮೀಮಾಂಸಕರು ವೇದದ ಅಪೌರುಷೇಯತ್ವಕ್ಕೆ ಹೇತುವಾಗಿ ಹೇಳಿದರು. ಈ ಟ್ಯಾಗುಗಳಿಗೂ ಆ ಲಕ್ಷಣ ಪೂರ್ತಿಯಾಗಿ ಸಲ್ಲುತ್ತದೆ, ಮುಟ್ಟಲು ಎಲ್ಲರಿಗೂ ಭಯ. ಆ ತರುಣನು ಅರ್ಥವನ್ನು ತಿಳಿಯುವುದು ವೃದ್ಧವ್ಯವಹಾರದಿಂದ: ಹಿರಿಯನು ಹಸುವನ್ನು ತಾ ಎಂದಾಗ ಕಿರಿಯನು ತಂದದ್ದನ್ನು ಕಂಡು ಮಗುವು ಪದವನ್ನು ಕಲಿಯುತ್ತದೆಂದು ಶಾಸ್ತ್ರ ಹೇಳುವಂತೆ, ಇವನೂ ಹಳೆಯ ಪುಟದಲ್ಲಿ ಒಂದು ಗುಣವನ್ನು ಬದಲಿಸಿ, ತೆರೆಯ ಮೇಲೆ ಏನು ಬಂದಿತೆಂದು ನೋಡಿ ಕಲಿಯುತ್ತಾನೆ. ಮಗುವಿಗಿಲ್ಲದ ಒಂದು ಸೌಕರ್ಯ ಇವನಿಗುಂಟು. ಟಿಎಲ್‌ಡಿಯನ್ನು ತೆರೆದರೆ, ಪ್ರತಿಯೊಂದು ಟ್ಯಾಗಿನ ಹೆಸರಿನ ಜೊತೆಗೆ ಅದರ ಉದ್ದೇಶವನ್ನು ವಿವರಿಸಲೆಂದೇ ಒಂದು ಸ್ಥಾನವನ್ನು ನಿರ್ದಿಷ್ಟಪತ್ರವು ಒದಗಿಸಿದೆ. ಅದನ್ನು ತುಂಬುವುದು ಕಡ್ಡಾಯವಲ್ಲ.