ಹಾಲು ಯಾರ ಹೊಣೆ?

ಇಳಕಲ್ಲಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಮಗ್ಗ ಮೂರು ದಿನದಿಂದ ಸುಮ್ಮನಿತ್ತು. ಹುನಗುಂದಕ್ಕೆ ಕೊಟ್ಟ ಮಗಳು ಚೊಚ್ಚಲ ಹೆರಿಗೆ ಮುಗಿಸಿ, ಆಸ್ಪತ್ರೆಯಿಂದ ಕೂಸಿನೊಡನೆ ತವರಿಗೆ ಬಂದಿದ್ದಳು. ಸಂಜೆ ಅವಳ ತಾಯಿ ನನ್ನ ಬಾಗಿಲಿಗೆ ಬಂದಳು.

“ಅಕ್ಕೋರ, ಹುಡುಗಿಗೆ ಹಾಲ ಇಲ್ಲ. ಕೂಸು ಚೀರಾಕತ್ತೈತಿ. ಯಾವ ಡಬ್ಬಿ ಛಲೋ, ಹೇಳ್ರಿ.”

ಕಲಿತವಳೆಂದು ನನ್ನನ್ನು ಕೇಳಿದ್ದಳು. ನನಗೆ ಮಾತೇ ಹೊರಡಲಿಲ್ಲ. ಮೂವತ್ತು ವರ್ಷದ ಹಿಂದೆ ನನಗೂ ಹಿರಿಯರು “ನಿನಗ ಹಾಲಿಲ್ಲ” ಎಂದಿದ್ದರು. ನಾನು ನಂಬಿದೆ. ಮೂರು ತಿಂಗಳ ರಜೆ ಮುಗಿಯುವ ಹೊತ್ತಿಗೆ ಮಗ ಪೂರ್ತಿ ಬಾಟಲಿಯ ಪಾಲಾಗಿದ್ದ. ಮುಂದೆ ಆಗಸ್ಟಿನ ಸ್ತನ್ಯಪಾನ ಸಪ್ತಾಹದಲ್ಲಿ “ತಾಯಿಹಾಲೇ ಅಮೃತ” ಎಂದು ಭಾಷಣ ಮಾಡುವಾಗಲೆಲ್ಲ ನನ್ನ ದನಿ ನನಗೇ ಸುಳ್ಳಾಗಿ ಕೇಳಿಸುತ್ತಿತ್ತು.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಬಂದಳು. ಹೆರಿಗೆ ಆಸ್ಪತ್ರೆಯಲ್ಲಾದರೂ 3, 7, 14, 21, 28 ಮತ್ತು 42ನೆಯ ದಿನ ಅವರು ಮನೆಗೆ ಬಂದು ಬಾಣಂತಿ, ಕೂಸುಗಳನ್ನು ನೋಡಬೇಕೆಂಬ ಕ್ರಮ 2011ರಿಂದ ಇದೆ. ನಾನೂ ಅವಳ ಹಿಂದೆ ಹೋದೆ.

ಅವಳು ಮೊದಲು ಕೇಳಿದ್ದು ಹಾಲಿನ ಮಾತಲ್ಲ. “ತಂಗೀ, ಉಂಡೇನವಾ? ನಿದ್ದಿ ಆತೇನ?”

ಹುಡುಗಿ ಅಳತೊಡಗಿದಳು. ಬಂದವರೆಲ್ಲ ಕೂಸಿನ ಹೊಟ್ಟೆಯನ್ನು ವಿಚಾರಿಸಿದ್ದರೇ ಹೊರತು ಅವಳ ಹೊಟ್ಟೆಯನ್ನಲ್ಲ. ಆಶಾ ಅವಳ ಬೆನ್ನಿಗೆ ದಿಂಬು ಕೊಟ್ಟು ಗೋಡೆಗೆ ಒರಗಿಸಿದಳು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿದಳು. ಅದು ಬಾಯಿ ಅಗಲ ತೆರೆದಾಗ ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸಿದಳು. ತುಸು ಹೊತ್ತಿಗೆ ಕೂಸು ಗುಟುಕು ನುಂಗುವ ಸಪ್ಪಳ ಕೇಳಿತು.

“ಕೂಸು ಚೀಪಿದಷ್ಟ ಹಾಲ ಹುಟ್ಟತೈತಿ. ಡಬ್ಬಿ ಕೊಟ್ರ ಚೀಪೂದು ಕಡಿಮಿ, ಹಾಲೂ ಕಡಿಮಿ” ಎಂದಳು.

“ನಾವೂ ಹಡದೇವಿ. ನಮಗ ಯಾರ ಬಂದು ಕಲಿಸಿದ್ರು?” ಎಂದಳು ತಾಯಿ.

ಆ ಮಾತನ್ನು ತೆಗೆದುಹಾಕುವಂತಿಲ್ಲ. ಆಗ ಮನೆ ತುಂಬ ಹೆಂಗಸರಿದ್ದರು, ನೋಡುತ್ತಲೇ ಕಲಿಯುತ್ತಿದ್ದೆವು. ಆದರೆ ಅದೇ ಹೆಂಗಸರು ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿಸಿ, ಕೂಸಿಗೆ ಜೇನು ನೆಕ್ಕಿಸುತ್ತಿದ್ದರು. ಹಳೆಯ ಮನೆ ಕೊಟ್ಟ ಸಂಗಡವನ್ನು ಉಳಿಸಿಕೊಂಡು ಅದರ ತಪ್ಪನ್ನು ಬಿಡಬಾರದೇಕೆ? ನಾವು ಸಂಗಡವನ್ನು ಬಿಟ್ಟು ಉಪದೇಶವನ್ನಷ್ಟೇ ಉಳಿಸಿಕೊಂಡೆವು.

ಹಾಲೂಡುವುದು ತಾಯಿಯ ಧರ್ಮ ಎನ್ನುತ್ತೇವೆ. ಒಬ್ಬಳಿಗೇ ಧರ್ಮವನ್ನು ಹೊರಿಸಿ ಉಳಿದವರು ಕೈ ತೊಳೆದುಕೊಂಡರೆ ಅದು ಅವಳ ಮೇಲಿನ ಆರೋಪವಾಗುತ್ತದೆ. ಕೂಸಿಗೆ ಬಾಯಿಲ್ಲ, ಆದ್ದರಿಂದ ಅದರ ಪರವಾಗಿ ನಾವು ಸುಮ್ಮನಿರಲಾಗದು, ನಿಜ. ಆದರೆ ಮಾತಾಡುವವಳು ಒಂದು ಬಿಸಿ ರೊಟ್ಟಿಯನ್ನಾದರೂ ತಂದಿರಬೇಕು, ಎರಡು ತಾಸು ಕೂಸನ್ನು ಎತ್ತಿಕೊಂಡು ತಾಯಿಯನ್ನು ಮಲಗಿಸಬೇಕು. ಡಬ್ಬಿಹಾಲಿನ ಜಾಹೀರಾತನ್ನು 1992ರ ಕಾಯ್ದೆ ತಡೆಯಿತು. ಓಣಿಯ ಬಾಯನ್ನು ಯಾವ ಕಾಯ್ದೆ ತಡೆದೀತು? ನೌಕರಿಯ ಹೆಂಗಸರಿಗೆ 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು. ಮನೆಯ ಮಗ್ಗದ ಮುಂದೆ ಕೂರುವವಳಿಗೆ ರಜೆ ಕೊಡಬೇಕಾದವರು ಮನೆಯವರೇ.

ಎಲ್ಲ ನೆರವಿದ್ದೂ ಹಾಲು ಸಾಲದ ತಾಯಂದಿರು ಇದ್ದಾರೆ. ಅಂಥವಳು ವೈದ್ಯರ ಮಾತಿನಂತೆ ಶುಚಿಯಾಗಿ ಬೇರೆ ಹಾಲು ಕುಡಿಸಿದರೆ ಅವಳ ತಾಯ್ತನಕ್ಕೇನೂ ಕೊರತೆಯಿಲ್ಲ. ನನ್ನ ಹಾಲು ನಿಜಕ್ಕೂ ಸಾಲದೆ ಹೋಯಿತೋ, ಯಾರೂ ದಿಂಬು ಕೊಡಲಿಲ್ಲವೋ, ಈಗ ತಿಳಿಯುವಂತಿಲ್ಲ. ಮಗ ಗಟ್ಟಿಮುಟ್ಟಾಗಿ ಬೆಳೆದ. ಆದರೂ ಇಷ್ಟು ವರ್ಷ ನಾನೊಬ್ಬಳೇ ತಪ್ಪಿತಸ್ಥೆ ಎಂದುಕೊಂಡಿದ್ದೆನಲ್ಲ, ಆ ಭಾರ ಅಂದು ತುಸು ಇಳಿಯಿತು.

ಮರುದಿನ ಎರಡು ಜೋಳದ ರೊಟ್ಟಿ, ಸಬ್ಬಸಗಿ ಪಲ್ಯ ಕಟ್ಟಿಕೊಂಡು ಹೋದೆ. ಕೂಸು ಮಲಗಿತ್ತು. ಹಾಲಿನ ಮಾತು ಎತ್ತಲಿಲ್ಲ. “ಉಂಡೇನವಾ?” ಎಂದಷ್ಟೇ ಕೇಳಿದೆ.