ಎಣಿಕೆ ಮತ್ತು ತೂಕ

ರುಮೈಥಿಯಾದಿಂದ ಸಂಜೆ ಕಡಲ ದಡಕ್ಕೆ ಹೋದಾಗ, ಬಾಣದಂತೆ ನೀರಿಗೆ ಎರಗಿ ಮೀನು ಹಿಡಿಯುವ ರೀವ ಹಕ್ಕಿಗಳನ್ನು ನಾವೆಲ್ಲ ನೋಡಿದ್ದೇವೆ. ಬೇಸಿಗೆಯಲ್ಲಿ ಇವುಗಳಲ್ಲಿ ಕೆಲವು ಜಾತಿಯವು ಕುಬ್ಬರ್ ದ್ವೀಪದಲ್ಲಿ ಮರಿ ಮಾಡುತ್ತವೆ. ಕಡಲ ಹಕ್ಕಿಗಳ ಇಂಥ ಬೀಡುಗಳಲ್ಲಿ ಆ ವರ್ಷ ಮರಿ ಮಾಡದ ಹಕ್ಕಿಗಳೂ ಸುತ್ತಾಡುತ್ತಿರುವುದುಂಟು. ಅವೇನೂ ಸೋಮಾರಿಗಳಲ್ಲ. ಹೆಣ್ಣು ಕೊಡುವ ಮುನ್ನ ಮನೆತನ ನೋಡಿಬರುವ ಹಿರಿಯರಂತೆ, ಮುಂದೆ ತಾವು ಗೂಡು ಕಟ್ಟಲು ಜಾಗ ನೋಡಲು ಬಂದವು. ನೆರೆಯವರ ಮರಿ ಉಳಿದ ಜಾಗ ತಮಗೂ ಆದೀತು ಎಂಬುದು ಅವುಗಳ ಲೆಕ್ಕ.

ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ನೊಣಹಿಡುಕ ಹಕ್ಕಿಗಳ ಮೇಲೆ ಈ ಲೆಕ್ಕವನ್ನು ಪರೀಕ್ಷಿಸಿದ ವಿಜ್ಞಾನಿಗಳು 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಒಂದು ಕಡೆಯ ಗೂಡುಗಳಿಂದ ಮರಿಗಳನ್ನು ತೆಗೆದು ಇನ್ನೊಂದು ಕಡೆಯ ಗೂಡುಗಳಿಗೆ ಸೇರಿಸಿದ್ದರು. ಮರಿಗಳ ಸಂಖ್ಯೆ ಕಡಿಮೆಯಾದ ಕಡೆಗೆ ಹೊರಗಿನ ಹಕ್ಕಿಗಳು ಬರುವುದೂ ಕಡಿಮೆಯಾಯಿತು. ಮರಿಗಳು ಪುಷ್ಟವೋ ಬಡಕಲೋ ಎಂಬುದು ಮಾತ್ರ ಅವುಗಳ ಲೆಕ್ಕಕ್ಕೆ ಬರಲಿಲ್ಲ. ಆದರೆ ಮರಿಗಳು ಬಡಕಲಾದ ಕಡೆಯಿಂದ ಅಲ್ಲೇ ಇದ್ದ ಹಕ್ಕಿಗಳು ಹೆಚ್ಚಾಗಿ ಬಿಟ್ಟುಹೋದವು. ಹೊರಗಿನವರಿಗೆ ಎಣಿಕೆ ಕಾಣುತ್ತದೆ. ತೂಕ ತಿಳಿಯುವುದು ಒಳಗಿನವರಿಗೆ.

ವೈದ್ಯವೃತ್ತಿಯಲ್ಲಿರುವ ನಮಗೆ ಈ ಮಾತು ಮನಸ್ಸಿಗೆ ನಾಟಿತು. ಕೂಸನ್ನು ತಕ್ಕಡಿಯಲ್ಲಿ ಮಲಗಿಸಿ ನೋಡದೆ 'ಚೆನ್ನಾಗಿದೆ' ಎಂದು ನಾವು ಬರೆಯುವುದಿಲ್ಲ.

ರಜೆಗೆ ಊರಿಗೆ ಹೋದಾಗ ತಮ್ಮನ ಮಗ ಜಗಲಿಯಲ್ಲಿ ಪಕ್ಕಕ್ಕೆ ಬಂದು ಕೂರುತ್ತಾನೆ. "ದೊಡ್ಡಪ್ಪ, ನಂಗೂ ಅಲ್ಲಿ ಏನಾದ್ರೂ ಆಗುತ್ತಾ?" ಎಂದು ಕೇಳುತ್ತಾನೆ. ಅವನೂ ಜಾಗ ನೋಡುತ್ತಿರುವ ಹಕ್ಕಿಯೇ. ನಾವು ತಂದ ಪೆಟ್ಟಿಗೆಗಳನ್ನು, ಕಟ್ಟಿಸಿದ ಮನೆಯನ್ನು, ಮಾಡಿದ ಮದುವೆಗಳನ್ನು ಆಗಲೇ ಎಣಿಸಿದ್ದಾನೆ. ಏಜೆಂಟನಿಗೆ ಕೊಡಲು ಮಾಡಿದ ಸಾಲ, ಕೆಲಸ ಹೋದರೆ ಅಕಾಮಾದ ಗತಿಯೇನೆಂಬ ಚಿಂತೆ, ಫೋನಿನಲ್ಲೇ ಅಪ್ಪನನ್ನು ಕಂಡು ಬೆಳೆದ ಮಕ್ಕಳು, ಇವು ಅವನಿಗೆ ಕಾಣುವುದಿಲ್ಲ. 2024ರ ಜೂನ್ 12ರಂದು ಮಂಗಾಫ್‌ನಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ತೀರಿಕೊಂಡರು. ಹಾಗೆ ಒಂದೇ ಕಟ್ಟಡದಲ್ಲಿ ಕಿಕ್ಕಿರಿದು ಬದುಕುವವರೂ ರಜೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟೇ ಊರಿಗೆ ಹೋಗುತ್ತಾರೆ.

ಹಾಗಾದರೆ ಹುಡುಗನಿಗೆ ಏನು ಹೇಳಬೇಕು? ನಾವು ಉಂಡೆದ್ದು ಎಲೆ ಮಡಿಸಿ, ಪಂಕ್ತಿಗೆ ಬಂದವನಿಗೆ 'ಊಟ ಚೆನ್ನಾಗಿಲ್ಲ' ಎನ್ನುವುದು ನ್ಯಾಯವೇ? ಅಲ್ಲ. ಈ ನಾಡು ನಮಗೆ ಅನ್ನ ಕೊಟ್ಟಿದೆ. ಅದನ್ನು ಮುಚ್ಚಿಟ್ಟರೆ ಅದೂ ಸುಳ್ಳೇ. ಸುಮ್ಮನಿದ್ದುಬಿಡೋಣವೆಂದರೆ, ನಮ್ಮ ಪೆಟ್ಟಿಗೆಗಳು ಸುಮ್ಮನಿರುವುದಿಲ್ಲ. ಸಾಲ ಮಾಡಿ ಉಡುಗೊರೆ ಒಯ್ದವರು ನಮ್ಮಲ್ಲೂ ಇದ್ದೇವೆ. ಅದು ಬೇರೆ ಗೂಡಿನ ಮರಿಯನ್ನು ತಂದು ನಮ್ಮ ಗೂಡಿನಲ್ಲಿಟ್ಟು ತೋರಿಸಿದ ಹಾಗೆ.

ಬರುವುದೋ ಬಿಡುವುದೋ ಅವನಿಗೆ ಬಿಟ್ಟದ್ದು. ಆದರೆ ಅವನ ಬಳಿ ಎಣಿಕೆಯಷ್ಟೇ ಇದೆ. ತೂಕವನ್ನು ನಾವೇ ಕೊಡಬೇಕು. ನಮಗೆ ದಕ್ಕಿದ್ದನ್ನು ಹೇಳಿದ ಬಾಯಲ್ಲೇ, ಅದಕ್ಕಾಗಿ ತೆತ್ತದ್ದನ್ನೂ ಹೇಳಬೇಕು. ಹಾಗೆ ಹೇಳಿದರೆ ಊರಿನಲ್ಲಿ ನಮ್ಮ ದೊಡ್ಡಸ್ತಿಕೆ ತುಸು ಇಳಿದೀತು, ಇಳಿಯಲಿ. ಈ ಸಲದ ರಜೆಯಲ್ಲಿ ಜಗಲಿಯ ಮೇಲೆ ಆ ಪ್ರಶ್ನೆ ಬಂದಾಗ, ಪೆಟ್ಟಿಗೆ ಬಿಚ್ಚುವ ಮೊದಲು ಬಾಯಿ ಬಿಚ್ಚೋಣ.