ವಿನಯವೂ ದೈವಾವಲಂಬನವೂ

ಧನಮದ, ಕುಲಮದ, ವಿದ್ಯಾಮದಗಳನ್ನು ಗುರುತಿಸುವುದು ಕಷ್ಟವಲ್ಲ. ಅವು ನಡೆಯಲ್ಲಿ, ನುಡಿಯಲ್ಲಿ ತಾವಾಗಿಯೇ ತೋರಿಬಿಡುತ್ತವೆ. ಆದರೆ ಭಕ್ತಿಯ ಮರೆಯಲ್ಲಿ ಬೆಳೆಯುವ ಮದವೊಂದುಂಟು. 'ನಾನು ವಿನೀತನು' ಎಂಬ ಎಣಿಕೆಯೇ ಅದರ ಆಹಾರ. ಉಳಿದ ಮದಗಳನ್ನೆಲ್ಲ ವಿನಯವು ಗೆಲ್ಲಬಲ್ಲುದು. ವಿನಯದಿಂದಲೇ ಹುಟ್ಟಿದ ಮದವನ್ನು ಗೆಲ್ಲುವುದು ಯಾವುದು? ಈ ಪ್ರಶ್ನೆ ಒಂದೇ ಮತಕ್ಕೆ ಸೇರಿದುದಲ್ಲ. ಕ್ರೈಸ್ತ ಸಾಧಕರು ಇದನ್ನು ಹೇಗೆ ಎದುರಿಸಿದರೆಂಬುದು ಶರಣಮಾರ್ಗದ ಜಿಜ್ಞಾಸುಗಳಿಗೂ ವಿಚಾರಾರ್ಹವಾದುದು.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಒಂದು ದೃಷ್ಟಾಂತವಿದೆ. ಫರಿಸಾಯನೊಬ್ಬ, ಸುಂಕದವನೊಬ್ಬ, ಇಬ್ಬರೂ ಪ್ರಾರ್ಥನೆಗಾಗಿ ದೇವಾಲಯಕ್ಕೆ ಹೋಗುತ್ತಾರೆ. ಫರಿಸಾಯನು ವಾರಕ್ಕೆ ಎರಡು ಉಪವಾಸ ಮಾಡುವವನು, ಆದಾಯದಲ್ಲಿ ಹತ್ತರಲ್ಲೊಂದು ಪಾಲನ್ನು ಕೊಡುವವನು. ಅವನು ಹೇಳಿಕೊಂಡುದರಲ್ಲಿ ಸುಳ್ಳೇನೂ ಇಲ್ಲ. ದೇವರಿಗೆ ಕೃತಜ್ಞತೆ ಸಲ್ಲಿಸುತ್ತಲೇ ತನ್ನನ್ನು ಪಕ್ಕದವನೊಡನೆ ತೂಗಿ ನೋಡಿದನು, ದೋಷವಿರುವುದು ಅಲ್ಲಿ. ಸುಂಕದವನಾದರೋ ದೂರದಲ್ಲಿ ನಿಂತು, ಎದೆ ಬಡಿದುಕೊಂಡು ಕರುಣೆಯನ್ನು ಬೇಡಿದನು. ದೇವರ ಮೆಚ್ಚುಗೆಗೆ ಪಾತ್ರನಾಗಿ ಮನೆಗೆ ಮರಳಿದವನು ಅವನೇ. ಸುಂಕದ ಬಂಕಣ್ಣನನ್ನು ವಚನಕಾರರ ಸಾಲಿನಲ್ಲಿ ಕೂರಿಸಿದ ನಾಡಿಗೆ ಇದು ಅಪರಿಚಿತವಾದ ಮಾತಲ್ಲ. ಆದರೆ ಈ ಕಥೆಯಲ್ಲಿ ಕೇಳುವವನಿಗೆ ಒಂದು ಅಪಾಯವಿದೆ. 'ಸದ್ಯ, ನಾನು ಆ ಫರಿಸಾಯನಂಥವನಲ್ಲ' ಎಂದುಕೊಂಡ ಕ್ಷಣವೇ ಅವನು ಫರಿಸಾಯನಾಗುತ್ತಾನೆ.

ಆದುದರಿಂದ ತನ್ನನ್ನು ಹೀನನೆಂದು ಭಾವಿಸುವುದೇ ವಿನಯವಲ್ಲ. ಹಿರಿಯನೆಂದು ತೂಗಿದರೂ ಕಿರಿಯನೆಂದು ತೂಗಿದರೂ ತಕ್ಕಡಿಯಲ್ಲಿರುವುದು 'ನಾನು' ಎಂಬುದೇ. 16ನೆಯ ಶತಮಾನದಲ್ಲಿ ಸ್ಪೇನ್ ದೇಶದಲ್ಲಿದ್ದ ಆವಿಲಾದ ಸಂತ ತೆರೇಸಾ ವಿನಯವನ್ನು ಸತ್ಯದೊಡನೆ ಸೇರಿಸಿ ಬೋಧಿಸಿದಳು. ಇರುವುದನ್ನು ಇರುವಂತೆ ಕಾಣುವವನಿಗೆ ವಿದ್ಯೆ ಗುರುವಿನಿಂದ ಬಂದುದು, ಅನ್ನ ಒಕ್ಕಲಿಗನಿಂದ ಬಂದುದು, ಉಸಿರು ದೇವರಿಂದ ಬಂದುದು ಎಂಬುದು ತೋರುತ್ತದೆ. ಪಡೆದುದನ್ನು ತನ್ನದೆನ್ನದಿರುವುದೇ ವಿನಯ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಎಲ್ಲವೂ ದೇವರ ಕೃಪೆಯೇ ಆದರೆ ಮನುಷ್ಯನ ಪ್ರಯತ್ನಕ್ಕೆ ಸ್ಥಾನವೆಲ್ಲಿ? ಈ ಅವಲಂಬನವು ಆಲಸ್ಯಕ್ಕೆ ಇಟ್ಟ ಒಳ್ಳೆಯ ಹೆಸರಲ್ಲವೆ?

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬಿ.ಟಿ.ಎಂ. ಬಡಾವಣೆಗೆ ಸಮೀಪವಾಗಿ, ಹೊಸೂರು ರಸ್ತೆಯ ಬಳಿ ಧರ್ಮಾರಾಮ್ ಎಂಬ ಕ್ರೈಸ್ತ ವಿದ್ಯಾಪೀಠವಿದೆ. ಕೇರಳದ ಮಾನ್ನಾನಂನಲ್ಲಿ 1831ರಲ್ಲಿ ಆರಂಭವಾದ ಸಿ.ಎಂ.ಐ. ಸಂನ್ಯಾಸಿಸಂಘವು 1957ರಲ್ಲಿ ಇದನ್ನು ಬೆಂಗಳೂರಿಗೆ ತಂದಿತು. ಈ ಸಂಘವು ಸೇರಿದ ಕಾರ್ಮೆಲ್ ಪರಂಪರೆಯಲ್ಲಿಯೇ ಮೇಲಿನ ಆಕ್ಷೇಪಕ್ಕೆ ಸಮಾಧಾನ ದೊರೆಯುತ್ತದೆ. ಆವಿಲಾದ ತೆರೇಸಾ ಸುಧಾರಿಸಿದ ಪರಂಪರೆ ಇದು. ಫ್ರಾನ್ಸಿನ ಲಿಸ್ಯೂ ಊರಿನ ಮತ್ತೊಬ್ಬ ಸಂತ ತೆರೇಸಾ ಇದೇ ಪರಂಪರೆಯವಳು. 1888ರಲ್ಲಿ, 15ನೆಯ ವಯಸ್ಸಿನಲ್ಲಿ ಮಠವನ್ನು ಸೇರಿ, 1897ರಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಸಿದ್ಧಿಯ ಮೆಟ್ಟಿಲುಗಳನ್ನು ಹತ್ತಲು ತಾನು ತೀರ ಚಿಕ್ಕವಳೆಂದು ಅವಳು ಬಗೆದಳು. ಆ ಕಾಲದಲ್ಲಿ ಧನಿಕರ ಮನೆಗಳಿಗೆ ಹೊಸದಾಗಿ ಬಂದಿದ್ದ ಲಿಫ್ಟನ್ನು ನೆನೆದು, ತನ್ನನ್ನು ಮೇಲಕ್ಕೆತ್ತುವ ಲಿಫ್ಟು ಯೇಸುವಿನ ತೋಳುಗಳೇ ಎಂದು ಬರೆದಳು.

ಹಾಗೆ ಬರೆದವಳು ಕೈಕಟ್ಟಿ ಕುಳಿತಳೆ? ಇಲ್ಲ. ಮಠದಲ್ಲಿ ರೋಗಪೀಡಿತಳಾದ ಸಿಡುಕಿನ ವೃದ್ಧೆಯೊಬ್ಬಳಿದ್ದಳು. ಮೆಲ್ಲಗೆ ನಡೆಸಿದರೂ ಬೇಗ ನಡೆಸಿದರೂ ಅವಳಿಗೆ ಅತೃಪ್ತಿ. ತೆರೇಸಾ ದಿನವೂ ಸಂಜೆ ಅವಳನ್ನು ಹಿಡಿದು ಊಟದ ಮನೆಗೆ ನಡೆಸಿದಳು. ರೊಟ್ಟಿಯನ್ನು ಮುರಿಯಲು ಅವಳ ಕೈ ಬಾರದಿರುವುದನ್ನು ಕಂಡು, ಯಾರೂ ಹೇಳದೆಯೇ ಅದನ್ನೂ ಮಾಡಿಕೊಟ್ಟಳು. ಕಡೆಯ ಒಂದೂವರೆ ವರ್ಷ ಅವಳ ಮನಸ್ಸಿಗೆ ಕತ್ತಲೆ ಕವಿದು, ಪರಲೋಕವಿದೆಯೆಂಬ ಭರವಸೆಯ ಸವಿಯೂ ಇಲ್ಲವಾಯಿತು. ಆದರೂ ನಂಬುಗೆಯನ್ನು ಬಿಡಲಿಲ್ಲ. ಸಂತೋಷವು ದೊರೆವಾಗಿನ ಅವಲಂಬನ ಸುಲಭ. ಏನೂ ದೊರೆಯದಾಗಿನ ಅವಲಂಬನವೇ ನಿಜವಾದುದು.

ಇನ್ನೊಂದು ಎಚ್ಚರ ಅಗತ್ಯ. ವಿನಯವನ್ನು ತಾನು ಆಚರಿಸಬಹುದು; ಇತರರಿಂದ ವಸೂಲು ಮಾಡಬಾರದು. ಕಡೆಯ ಭೋಜನದ ರಾತ್ರಿ ಶಿಷ್ಯರ ಕಾಲುಗಳನ್ನು ತೊಳೆದವನು ಗುರುವೇ. ಕೂಲಿಯನ್ನು ಕೇಳಿದ ಆಳಿಗೆ, ನೋವನ್ನು ಹೇಳಿದ ಸೊಸೆಗೆ 'ವಿನಯವಿರಲಿ' ಎಂದು ಬಾಯಿ ಮುಚ್ಚಿಸುವವನು ಧರ್ಮದ ಹೆಸರಿನಲ್ಲಿ ತನ್ನ ಅಹಂಕಾರವನ್ನೇ ಪೂಜಿಸಿಕೊಳ್ಳುತ್ತಾನೆ.

ಕಾಯಕವೂ ನಂಬುಗೆಯೂ ಒಂದನ್ನೊಂದು ಕೆಡಿಸವೆಂಬುದಕ್ಕೆ ಶರಣರಲ್ಲಿಯೇ ನಿದರ್ಶನವಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ಕಾಯಕವಿಲ್ಲದಿದ್ದರೆ ಅಕ್ಕಿಯೇ ಬರುತ್ತಿರಲಿಲ್ಲ. ನಾಳೆಯನ್ನು ದೇವರಿಗೆ ಒಪ್ಪಿಸದಿದ್ದರೆ ಅದನ್ನು ಹಿಂದಿರುಗಿಸಲು ಮನಸ್ಸೂ ಬರುತ್ತಿರಲಿಲ್ಲ. ಅಂದಂದಿನ ಅನ್ನವನ್ನು ಮಾತ್ರ ಬೇಡಲು ಯೇಸು ತನ್ನ ಶಿಷ್ಯರಿಗೆ ಕಲಿಸಿದುದೂ ಇದೇ ಮನೋಧರ್ಮ. ಕೈ ದುಡಿಯುತ್ತಿರಲಿ, ಫಲವು ತನ್ನದೆಂಬ ಹಿಡಿತ ಸಡಿಲವಾಗಿರಲಿ. ಆಗ ವಿನಯವನ್ನು ಹುಡುಕಬೇಕಾಗಿಲ್ಲ. ಅದು ಬಂದಿರುತ್ತದೆ, ಬಂದುದು ತಿಳಿಯದಂತೆ.